ಹೊತ್ತು ಮುಳುಗುವ ತನಕ ನಿರುದ್ಯೋಗಿ

ಕೆಲಸವಿಲ್ಲದವರನ್ನು ನಂಬಿಕೊಂಡು ಹೊಟ್ಟೆ ಹೊರೆಯುವವಳು ನಾನು. ಇಳಕಲ್ ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ನನ್ನದೊಂದು ಆನ್‌ಲೈನ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯದ ಅರ್ಜಿ ಹಾಕುವುದು, ಮದುವೆ ಕಾರ್ಡಿಗೆ ಚೆಂದದ ಗಣಪತಿಯನ್ನು ಹುಡುಕಿಕೊಡುವುದು ಎಲ್ಲವೂ ಅಲ್ಲಿ ನಡೆಯುತ್ತದೆ. ಆದರೆ ತಿಂಗಳು ತಿಂಗಳು ತಪ್ಪದೆ ಬಂದು ನನ್ನ ಬೆಂಚು ತುಂಬುವವರು ನಿರುದ್ಯೋಗ ಭತ್ಯೆಯವರು. ಡಿಗ್ರಿ ಮುಗಿಸಿಯೂ ಕೆಲಸ ಸಿಗದವರಿಗೆ ಸರ್ಕಾರ ಎರಡು ವರ್ಷದ ತನಕ ತಿಂಗಳಿಗಿಷ್ಟು ಅಂತ ಕೊಡುತ್ತದೆ. ಕೊಡುವುದು ನಿಜ, ಸುಮ್ಮನೆ ಕೊಡುವುದಿಲ್ಲ. ಪ್ರತಿ ತಿಂಗಳೂ ಒಂದು ಘೋಷಣೆ ಕೊಡಬೇಕು. ನಾನು ಈಗಲೂ ನಿರುದ್ಯೋಗಿ, ಯಾವ ಕೆಲಸವನ್ನೂ ಮಾಡುತ್ತಿಲ್ಲ, ಸ್ವಂತ ದಂಧೆ ಇಲ್ಲ, ಮುಂದೆ ಓದುತ್ತಲೂ ಇಲ್ಲ, ಇದು ಸುಳ್ಳೆಂದು ಕಂಡುಬಂದರೆ ಕಾನೂನು ಕ್ರಮಕ್ಕೆ ಬದ್ಧ ಎಂದು. ಕೊಡದಿದ್ದರೆ ಆ ತಿಂಗಳದ್ದು ಬಂದ್.

ನನಗೊಂದು ಚಟ. ಈ ಒಕ್ಕಣೆಯನ್ನು ಒಬ್ಬೊಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿಯೇ ಮುಂದಿನ ಗುಂಡಿ ಒತ್ತುತ್ತೇನೆ. ಹುಡುಗರಿಗೆ ಇದು ಸೇರುವುದಿಲ್ಲ. "ಅಕ್ಕಾರ, ಓಣಿಗೆಲ್ಲಾ ಕೇಳಂಗ ಯಾಕ ಒದರತೀರಿ? ನಮಗ ಕನ್ಯಾ ಸಿಗಬಾರ್ದೇನ್ರಿ?" ಎಂದು ಒಬ್ಬ ಜಗಳಕ್ಕೇ ನಿಂತಿದ್ದ. ಉಳಿದವರು ಫೋನಿನಿಂದ ಕಣ್ಣೆತ್ತದೆ ಹೆಬ್ಬೆರಳು ಚಾಚುತ್ತಾರೆ. ತಾವು ಏನಕ್ಕೆ ಹೆಬ್ಬೆಟ್ಟು ಒತ್ತಿದೆವು ಎಂದು ಕೇಳಿದರೆ ಅವರಲ್ಲಿ ಒಬ್ಬನೂ ಹೇಳಲಾರ.

ಆ ಒಕ್ಕಣೆಯನ್ನು ಕಿವಿಗೊಟ್ಟು ಕೇಳಿದವಳು ಇಷ್ಟು ದಿನದಲ್ಲಿ ಒಬ್ಬಳೇ. ಆಕೆ ಈಗಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಸರ್ಕಾರಕ್ಕಾಗಿ ನಾನೇ ಎಷ್ಟೋ ಸಲ ಟೈಪು ಮಾಡಿದ್ದೇನೆ, ಸಾಕು.

ಮೊದಲ ಸಲ ಬಂದಾಗ ನಾನು ಆಕೆಯನ್ನು ಯಾವುದೋ ಹುಡುಗಿಯ ತಾಯಿ ಅಂದುಕೊಂಡಿದ್ದೆ. "ಮಗಳು ಎಲ್ಲ್ಯದಾಳ್ರಿ? ಅಕಿನ್ನ ಕಳಸ್ರಿ" ಎಂದೆ. ಆಕೆ ಸೆರಗಿನ ಒಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನಿಂದ ಇನ್ನೊಂದು ಚೀಲ ತೆಗೆದು, ಡಿಗ್ರಿ ಸರ್ಟಿಫಿಕೇಟನ್ನು ಟೇಬಲ್ಲಿನ ಮೇಲಿಟ್ಟಳು. "ಮಗಳದಲ್ಲ ತಂಗಿ. ನಂದ." ಬಿ.ಎ., ಇತಿಹಾಸ. ನಲವತ್ತು ದಾಟಿದ ಮೇಲೆ, ಕಾಲೇಜಿನ ಮೆಟ್ಟಿಲು ಹತ್ತದೆ, ಅಂಚೆಯಲ್ಲಿ ಬಂದ ಪುಸ್ತಕಗಳನ್ನು ಓದಿ ಪಾಸಾಗಿದ್ದಳು. ನಿಯಮವನ್ನು ನಾನು ಮೇಲಿಂದ ಕೆಳಗೆ ಓದಿದೆ. ನಲವತ್ತು ದಾಟಿದವರು ನಿರುದ್ಯೋಗಿ ಆಗಬಾರದೆಂದು ಎಲ್ಲೂ ಬರೆದಿರಲಿಲ್ಲ. ಅರ್ಜಿ ಪಾಸಾಯಿತು.

ಆಕೆಯದು ನೇಕಾರರ ಮನೆ. ಗಂಡ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂಡುವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾನೆ. ಆಕೆ ಮಗ್ಗದ ಮಗ್ಗುಲಿಗೆ ರಾಟಿ ಇಟ್ಟುಕೊಂಡು ಕಂಡಕಿ ಸುತ್ತುತ್ತಾಳೆ. ಲಾಳಿಯೊಳಗೆ ಕೂಡಿಸುವ ಸಣ್ಣ ಕಡ್ಡಿಗೆ ನೂಲು ಸುತ್ತುವ ಕೆಲಸ ಅದು. ಒಂದು ಕಂಡಕಿ ಮುಗಿಯುವಷ್ಟರಲ್ಲಿ ಇನ್ನೊಂದು ತಯಾರಿರಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಅತ್ತೆಯ ಬಾಯಿ ಶುರುವಾಗುತ್ತದೆ. ಬಿ.ಎ. ಓದಿದ್ದೂ ಅಲ್ಲಿಯೇ. ಎಡಗಾಲಿನ ಹೆಬ್ಬೆರಳಿನಿಂದ ಪುಸ್ತಕದ ಹಾಳೆ ಒತ್ತಿಹಿಡಿದು, ಬಲಗೈಯಲ್ಲಿ ರಾಟಿ ತಿರುಗಿಸುತ್ತ ಆಕೆ ಚಾಲುಕ್ಯರನ್ನು ಬಾಯಿಪಾಠ ಮಾಡಿದ್ದಳಂತೆ.

ಮೊದಲ ಘೋಷಣೆಯ ದಿನ ನಾನು ಎಂದಿನ ಹಾಗೆ ಒದರಿದೆ. "ಯಾವ ಕೆಲಸವನ್ನೂ ಮಾಡುತ್ತಿಲ್ಲ" ಎನ್ನುವಲ್ಲಿಗೆ ಬರುತ್ತಿದ್ದಂತೆ ಆಕೆ ಹೆಬ್ಬೆಟ್ಟಿನ ಮಷೀನಿನ ಮೇಲಿಟ್ಟ ಕೈಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡಳು.

"ತಡಿ ತಂಗಿ. ಇವತ್ತ ಬ್ಯಾಡ. ನಸುಕನ್ಯಾಗ ಎದ್ದ ಕಂಡಕಿ ಸುತ್ತಿ ಬಂದೇನಿ. ಈಗ ಹೆಂಗ ಒತ್ತಲಿ? ನಾಳೆ ಏನೂ ಮುಟ್ಟದ ಬರ್ತೇನಿ."

"ಅಕ್ಕಾರ, ಅದು ಹಂಗಲ್ರಿ. ನೌಕರಿ ಇಲ್ಲಂತ ಅಷ್ಟ ಅದರ ಅರ್ಥ."

"ಓದಿದಿಯಲ್ಲ ಈಗ. ಯಾವ ಕೆಲಸಾನೂ ಅಂತ ಓದಿದಿ. ಸುಳ್ಳಾದ್ರ ಕ್ರಮ ಅಂತನೂ ಓದಿದಿ."

ನನಗೆ ನಗು ಬಂತು. ಹಿಂದೆ ಸಾಲು ಹಚ್ಚಿದ ಹುಡುಗರಿಗೆ ಬೇಸರ ಬಂತು. ಆಕೆ ಮಾತ್ರ ಪ್ಲಾಸ್ಟಿಕ್ ಚೀಲಗಳನ್ನು ಒಂದರೊಳಗೊಂದು ತುಂಬಿಕೊಂಡು ಹೊರಟೇಹೋದಳು. ಮರುದಿನ ಬಾಗಿಲು ತೆಗೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ತಲೆ ಬಾಚಿರಲಿಲ್ಲ. "ಅದೂ ಒಂದ ಕೆಲಸ ಅಲ್ಲೇನ?" ಎಂದು ನನ್ನನ್ನೇ ಕೇಳಿದಳು.

ಇನ್ನೊಂದು ತೊಡಕೂ ಇತ್ತು. ನೂಲು ಎಳೆದೆಳೆದು ಆಕೆಯ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಕೆಲಸವಿಲ್ಲ ಎಂದು ಹೇಳಬೇಕಾದ ಹೆಬ್ಬೆರಳನ್ನು ಮಷೀನು ಎಷ್ಟು ಒತ್ತಿದರೂ ಒಪ್ಪಲಿಲ್ಲ, ಕೆಂಪು ದೀಪ ತೋರಿಸುತ್ತಲೇ ಇತ್ತು. ಕೊನೆಗೆ ಫೋನಿಗೆ ಓಟಿಪಿ ತರಿಸಿ ಮುಗಿಸಿದೆ. "ಆತು ನಡೀರಿ ಅಕ್ಕಾರ" ಎಂದೆ. ಆಕೆ ಏಳಲಿಲ್ಲ.

"ಈಗ ಮನಿಗೆ ಹೋದ್ರ ರಾಟಿ ಮುಂದ ಕುಂದ್ರಬೇಕು. ಮುಂಜಾನೆ ಕೆಲಸಿಲ್ಲಂತ ಹೇಳಿ ಮಧ್ಯಾಹ್ನ ಕೆಲಸಾ ಮಾಡಿದ್ರ ಮಾತು ಸುಳ್ಳಾಗತೈತಿ. ಹೊತ್ತ ಮುಳಗೂ ತನಕ ಇಲ್ಲೇ ಕುಂದರಲೇನ?"

ಇಂಥ ಲೆಕ್ಕ ಎಲ್ಲಿಂದ ಬಂತು ಎಂದು ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಲಾಳಿಯನ್ನು ದೇವರ ಮುಂದಿಟ್ಟು ಪೂಜೆ ಮಾಡಿ ಬಿಟ್ಟರೆ ಮರುದಿನದ ತನಕ ಸದ್ದಿಲ್ಲ. ಹೊತ್ತು ಮುಳುಗುವ ಮೊದಲು ಯಾರಾದರೂ ಒಂದು ಎಳೆ ಎಳೆದರೂ ಇಡೀ ದಿನದ ನೇಮ ಕೆಟ್ಟಿತು ಎನ್ನುತ್ತಾರೆ. ಘೋಷಣೆಯನ್ನೂ ಆಕೆ ಇದೇ ತಕ್ಕಡಿಯಲ್ಲಿ ತೂಗಿದ್ದಳು. ಸರ್ಕಾರ ಇಟ್ಟ ನೇಮ, ನಡೆಸಬೇಕು, ಅಷ್ಟೇ. "ಮಗ್ಗಕ್ಕ ಅಮಾಸಿ ಐತಿ, ಗಂಡಗ ಐತಿ. ಅವತ್ತ ನನಗ ಹೋಳಿಗಿ. ಹಿಟ್ಟ ನಾದೂದು, ಹೂರಣ ಅರಿಯೂದು. ನನಗ ಒಂದ ಅಮಾಸಿ ಬೇಕಾಗಿತ್ತು ತಂಗಿ, ಸರ್ಕಾರದವರು ಕೊಟ್ಟರು" ಎಂದು ಒಂದು ದಿನ ಹೇಳಿದಳು. ನಾನು ಯಾವ ಸರ್ಕಾರವನ್ನೂ ಹೊಗಳುವವಳಲ್ಲ. ಆದರೆ ಆ ಮಾತು ಕೇಳಿದಾಗ, ಈ ನಿಯಮ ಬರೆದ ಮಹಾನುಭಾವ ಎಲ್ಲಿದ್ದಾನೋ, ಅವನಿಗೆ ಒಂದು ಹೋಳಿಗೆ ಕಳಿಸಬೇಕು ಅನ್ನಿಸಿತ್ತು.

ಒಂದೆರಡು ತಿಂಗಳು ಬೆಂಚಿನ ಮೇಲೆ ಕೂತಳು. ಬಂದವರೆಲ್ಲ ಆಕೆಯನ್ನೇ ಅಂಗಡಿಯವಳು ಅಂದುಕೊಂಡು "ಅಕ್ಕಾರ, ಜೆರಾಕ್ಸ್ ಎಷ್ಟ್ರಿ?" ಎಂದು ಕೇಳುವುದು, ಆಕೆ ಹೇಳಲು ಬಾಯಿ ತೆರೆಯುವುದು, ಆಮೇಲೆ ಅದೂ ಕೆಲಸವಾದೀತೆಂದು ಬಾಯಿ ಮುಚ್ಚುವುದು ನಡೆದಿತ್ತು. ಮೂರನೆಯ ಸಲ ಬೆಳಿಗ್ಗೆಯಿಂದಲೇ ಸರ್ವರ್ ಡೌನ್. ಆಕೆಯದೊಂದನ್ನು ಹೇಗೋ ತೂರಿಸಿದೆ, ಆಮೇಲೆ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತಿತು. "ಅಕ್ಕಾರ, ಬಸ್ ಪುಕ್ಕಟೆ ಐತಿ. ಇಲ್ಲಿ ಕುಂದ್ರೂ ಬದಲಿ ಎಲ್ಲಿಗಾರ ಹೋಗೂಣೇನ್ರಿ?" ಎಂದೆ. ಆಕೆ "ಬಾದಾಮಿ ಮ್ಯಾಲ ಪರೀಕ್ಷಾದಾಗ ಹತ್ತ ಮಾರ್ಕಿಂದ ಬರದಿದ್ದೆ. ಲಗ್ನಕ್ಕ ಮುಂಚೆ ಸಾಲಿಯಿಂದ ಒಯ್ದಿದ್ರು, ಅಷ್ಟ" ಎಂದಳು.

ಆ ಪ್ರಯಾಣ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಹುನಗುಂದ ದಾಟಿದ ಮೇಲೆ ಕರಿಭೂಮಿ, ಅಮೀನಗಡದಲ್ಲಿ ಬಸ್ಸಿನೊಳಗೆ ತೂರಿಬಂದ ಕರದಂಟಿನ ತುಪ್ಪದ ವಾಸನೆ, ಗುಳೇದಗುಡ್ಡದಿಂದ ಮುಂದೆ ಕೆಂಪಾಗುತ್ತ ಹೋದ ಗುಡ್ಡಗಳು. ಕಿಟಕಿಯ ಗಾಳಿಗೆ ಆಕೆಯ ಬಾಚದ ಕೂದಲು ಹಾರುತ್ತಿತ್ತು. ಗುಹೆಗಳಿಗೆ ಹೋಗೋಣ ಎಂದರೆ ಬೇಡ ಎಂದಳು. "ಅವರು ಕಲ್ಲ ಕಡದ ಕಡದ ದಣಿದಿದ್ದು ಓದೇನಿ. ಇವತ್ತ ಕೆಲಸದ ಮಾತ ಬ್ಯಾಡ." ಕೆರೆಯ ಮೆಟ್ಟಿಲಿಗೆ ಬಂದು ಕೂತಳು.

ಆ ಕೆರೆಯ ಮೆಟ್ಟಿಲುಗಳ ಮೇಲೆ ಬಾದಾಮಿಯ ಹೆಣ್ಣುಮಕ್ಕಳು ಅರಿವೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದ ಸದ್ದು ಎದುರಿನ ಕೆಂಪು ಬಂಡೆಗೆ ತಾಗಿ, ಸ್ವಲ್ಪ ತಡವಾಗಿ ತಿರುಗಿ ಬರುತ್ತಿತ್ತು. ನೀರಿನ ಮೇಲೆ ಗುಡ್ಡ ತಲೆಕೆಳಗಾಗಿ ಮಲಗಿತ್ತು. ಆಕೆಯ ಕೈಗಳನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಕಣ್ಣು ನೀರಿನ ಮೇಲಿತ್ತು, ಆದರೆ ಬಲಗೈ ಗಾಳಿಯಲ್ಲಿ ರಾಟಿ ತಿರುಗಿಸುತ್ತಿತ್ತು, ಎಡಗೈಯ ಎರಡು ಬೆರಳು ಇಲ್ಲದ ನೂಲನ್ನು ಸವರುತ್ತಿದ್ದವು. ಆಕೆಗೆ ಅದರ ಅರಿವೇ ಇರಲಿಲ್ಲ.

"ಅಕ್ಕಾರ, ಕಂಡಕಿ ಸುತ್ತಾಕ ಹತ್ತೀರಿ" ಎಂದೆ.

ನೋಡಿಕೊಂಡು ನಾಚಿದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಹಾಕಿ ಕೂತಳು. "ಸುಮ್ಮನ ಕುಂದ್ರೂದೂ ಕಲೀಬೇಕ ನೋಡ ತಂಗಿ. ಬಿ.ಎ.ದಾಗ ಅದೊಂದ ಇರಲಿಲ್ಲ."

ಅಲ್ಲಿಂದ ಮುಂದೆ ತಿಂಗಳಿಗೊಂದು ಊರು. ನಾನು ಎಲ್ಲಕ್ಕೂ ಹೋಗಲಿಲ್ಲ, ಅಂಗಡಿ ಬಿಟ್ಟು ಹೋಗಲು ನನಗೇನು ಸರ್ಕಾರ ಘೋಷಣೆ ಕೊಡಿಸಿತ್ತೇ? ಆಕೆ ಒಬ್ಬಳೇ ಹೋಗಿಬಂದು ಸಂಜೆ ಕಟ್ಟೆಯ ಮೇಲೆ ಕೂತು ವರದಿ ಒಪ್ಪಿಸುತ್ತಿದ್ದಳು. ಬನಶಂಕರಿಯ ಹೊಂಡದ ಸುತ್ತಲಿನ ಕಲ್ಲಿನ ಪೌಳಿಯಲ್ಲಿ ತಂಪಿಗೆ ನಿದ್ದೆ ಹೋದದ್ದು. ಎದ್ದಾಗ ಮಗ್ಗುಲಲ್ಲಿ ಯಾರೋ ಅಪರಿಚಿತ ಮುದುಕಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಹೋಗಿದ್ದದ್ದು. ಮರೋಳದ ಕಡೆ ಹೊಳೆಯ ನೀರನ್ನು ಮೇಲಕ್ಕೆತ್ತಿ ಹೊಲಗಳಿಗೆ ಬಿಡುವುದನ್ನು ನೋಡಿ ಬಂದ ದಿನ ಮಾತ್ರ ಮುಖ ಸಪ್ಪಗಿತ್ತು. "ಹೊಳಿಯೊಳಗ ತನ್ನ ಪಾಡಿಗೆ ಹೊಂಟಿರತೈತಿ ತಂಗಿ ನೀರು. ಅದನ್ನೂ ಹಿಡದ ಮ್ಯಾಲ ಏರಿಸಿ ದುಡಸ್ತಾರ, ಪಾಪ" ಎಂದಳು. ರೈತರು ಕೇಳಿದ್ದರೆ ಹೊಡೆಯಲು ಬರುತ್ತಿದ್ದರು.

ಕೂಡಲಸಂಗಮಕ್ಕೆ ನಾನೂ ಹೋಗಿದ್ದೆ. ದುಡಿಮೆಯ ದೊಡ್ಡಸ್ತಿಕೆಯನ್ನು ಲೋಕಕ್ಕೆಲ್ಲ ಸಾರಿದ ಜಾಗ ಅದು. "ಇಲ್ಲಿ ಬಂದು ಕೈ ಕಟ್ಟಿ ಕುಂತ್ರ ದೇವರು ಸಿಟ್ಟಿಗೇಳ್ತಾನ್ರಿ" ಎಂದು ಕಾಡಿಸಿದೆ. ಆಕೆ ಗುಡಿಯ ಕಡೆ ನೋಡಿ, "ಅವನೂ ಸುಮ್ಮನ ಕುಂತಾನಲ್ಲ" ಎಂದಳು. ಎರಡು ಹೊಳೆ ಕೂಡುವಲ್ಲಿ ನೀರು ಎಲ್ಲಿ ಕೃಷ್ಣೆ ಎಲ್ಲಿ ಮಲಪ್ರಭೆ ಗೊತ್ತಾಗದ ಹಾಗೆ ಹರಡಿಕೊಂಡಿತ್ತು. ನಾವಿಬ್ಬರೂ ಮಧ್ಯಾಹ್ನವಿಡೀ ಅದನ್ನು ನೋಡಿದೆವು. ನಾನು ಜಗಳಗಂಟಿ ಹೆಣ್ಣು, ಸುಮ್ಮನಿರುವುದು ನನ್ನ ಹಣೆಬರಹದಲ್ಲೇ ಇಲ್ಲ. ಆಕೆಯ ಮಗ್ಗುಲಲ್ಲಿ ಮಾತ್ರ ನನ್ನ ತಲೆಯೊಳಗಿನ ಸದ್ದೆಲ್ಲ ಇಳಿಯುತ್ತಿತ್ತು. ಆಕೆಯನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಇದನ್ನು ಆಕೆಗೆ ಹೇಳಿರಲಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ಮನೆಯಲ್ಲಿ ಇದೆಲ್ಲ ಹೇಗೆ ನಡೆಯಿತು ಎಂದು ಯಾರಾದರೂ ಕೇಳಬಹುದು. ಸರ್ಕಾರದ ನಿಯಮ ಅಂದಳು, ನಡೆಯಿತು. ಭತ್ಯೆ ಬಂದದ್ದು ಬಂದಂತೆ ಅತ್ತೆಯ ಕೈಗೆ ಹೋಗುತ್ತಿತ್ತು. ತಿಂಗಳಿಗೊಂದು ದಿನ ಸೊಸೆ ಏನೂ ಮುಟ್ಟದೆ ಊರಾಡಿದರೇ ಆ ದುಡ್ಡು ಬರುವುದು ಎಂದಾದರೆ ಬೇಡ ಎನ್ನುವವರು ಯಾರು? ಅವತ್ತು ಅತ್ತೆಯೇ ರಾಟಿಗೆ ಕೂಡುತ್ತಿದ್ದಳು, ಅತ್ತೆಯೇ ರೊಟ್ಟಿ ಬಡಿಯುತ್ತಿದ್ದಳು. ಬೈಯುತ್ತಲೇ ಮಾಡುತ್ತಿದ್ದಳು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು, ಹಣೆ ತುಂಬ ವಿಭೂತಿ, ದನಿ ಓಣಿಯ ಆ ತುದಿಗೆ ಕೇಳುವಂಥದ್ದು. ಬಂದವರ ಮುಂದೆಲ್ಲ ಅವಳದು ಒಂದೇ ಹಾಡು: "ನನ್ನ ಸೊಸಿ ಏನೂ ಮಾಡಂಗಿಲ್ಲ, ಎಲ್ಲಾ ನಾ ಮಾಡಿದ್ರ ಆತು."

ಆ ಹಾಡೇ ಒಂದು ಸಲ ಕಾಪಾಡಿತು. ಆಕೆ ಮನೆಯಲ್ಲಿ ಮಗ್ಗದ ಕೆಲಸ ಮಾಡುತ್ತಾಳೆ, ನಿರುದ್ಯೋಗಿ ಅಲ್ಲ ಎಂದು ಯಾರೋ ಪುಣ್ಯಾತ್ಮರು ದೂರು ಕೊಟ್ಟಿದ್ದರು. ವಿಚಾರಣೆಗೆ ಬಾಗಲಕೋಟೆಯಿಂದ ಒಬ್ಬ ಸಾಹೇಬರು ಬಂದರು. ಪಾಪ, ಮೆತ್ತಗಿನ ಮನುಷ್ಯ. ಅರ್ಜಿ ಹಾಕಿದವಳು ನಾನಾದ್ದರಿಂದ ಮನೆ ತೋರಿಸಲು ನನ್ನನ್ನೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಭತ್ಯೆ ನಿಂತರೆ ಘೋಷಣೆ ನಿಂತಂತೆ, ಘೋಷಣೆ ನಿಂತರೆ ಆಕೆಯ ಅಮಾವಾಸ್ಯೆ ನಿಂತಂತೆ.

ಬಾಗಿಲಲ್ಲಿ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ರಾಟಿಯ ಸದ್ದು.

"ಅಮ್ಮಾರ, ನಿಮ್ಮ ಸೊಸಿ ಏನರ ಕೆಲಸಾ ಮಾಡ್ತಾರೇನ್ರಿ?" ಎಂದರು ಸಾಹೇಬರು.

"ಆಕಿ? ಆಕಿ ಏನ ಮಾಡತಾಳ್ರಿ ಸಾಹೇಬ್ರ! ಏನೂ ಮಾಡಂಗಿಲ್ಲ. ಎಲ್ಲಾ ನಾ ಮಾಡಿದ್ರ ಆತು."

ಸಾಹೇಬರು ಬರೆದುಕೊಂಡರು. ನಾನು ಉಸಿರು ಬಿಡುವಷ್ಟರಲ್ಲಿ ರಾಟಿ ನಿಂತಿತು. ಆಕೆ ಹೊಸ್ತಿಲ ತನಕ ಎದ್ದು ಬಂದಳು. "ಸುಳ್ಳ ಬರಕೋಬ್ಯಾಡ್ರಿ ಸಾಹೇಬ್ರ. ದಿನಾ ಕಂಡಕಿ ಸುತ್ತತೇನಿ. ಅಡಗಿ, ಮುಸುರಿ, ಅರಿವಿ ಎಲ್ಲಾ ಮಾಡತೇನಿ. ಘೋಷಣೆ ಕೊಡೂ ದಿನ ಒಂದ ಏನೂ ಮುಟ್ಟಂಗಿಲ್ಲ." ಆ ಕ್ಷಣ ಆಕೆಯ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಅನ್ನಿಸಿತು ನನಗೆ.

ಸಾಹೇಬರು ಪೆನ್ನು ಎತ್ತಿದರು. "ಕಂಡಕಿ ಸುತ್ತಿದ್ದಕ್ಕ ನಿಮಗ ಯಾರರ ಪಗಾರ ಕೊಡ್ತಾರೇನ್ರಿ?"

"ಮನ್ಯಾಗಿಂದ ಅಲ್ಲೇನ್ರಿ. ಯಾರ ಕೊಡತಾರ?"

"ಹಂಗಾದ್ರ ಅದು ಕೆಲಸ ಅಲ್ಲ ಬಿಡ್ರಿ."

ಅತ್ತೆಯ ಕೈಯಲ್ಲಿನ ಮೊರ ನಿಂತಿತು. "ರೊಟ್ಟಿ ಬಡಿಯೂದ್ರಿ?" ಎಂದಳು.

"ಅದೂ ಅಲ್ಲರಿ ಅಮ್ಮಾರ. ಪಗಾರ ಇದ್ರ ಕೆಲಸ. ಇಲ್ಲಂದ್ರ ಇಲ್ಲ." ಸಾಹೇಬರು ನಕ್ಕು, ಕಾಗದ ಮಡಚಿ, ಕೊಟ್ಟ ಚಹಾ ಕುಡಿದು ಹೋದರು. ಭತ್ಯೆ ಉಳಿಯಿತು. ಆಕೆ ನನ್ನನ್ನು ಕಳಿಸಲು ಓಣಿಯ ತಿರುವಿನ ತನಕ ಬಂದವಳು, "ನಮ್ಮತ್ತಿ ದಿನಾ ಹೇಳೂದನ್ನ ಇವತ್ತ ಸರ್ಕಾರ ಬರಕೊಂಡ ಹೋತು ನೋಡ" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಹಂಗಾದ್ರ ಇಷ್ಟ ವರ್ಷ ನಾ ಏನ ಮಾಡಿದ್ನಿ ತಂಗಿ?" ಯಾವ ಅರ್ಜಿಗಾದರೂ ಒಂದು ದಾರಿ ಹುಡುಕಿಕೊಡುವವಳು ಎಂದು ಹೆಸರು ಮಾಡಿದ ನಾನು ಅವತ್ತು ಬೆಪ್ಪಾಗಿ ನಿಂತಿದ್ದೆ.

ಆಮೇಲೆ ಎರಡು ವರ್ಷ ಮುಗಿಯಿತು. ನಡುವೆ ಆಕೆ ಲೈಬ್ರರಿ ಕೆಲಸಕ್ಕೆ, ಹಾಸ್ಟೆಲ್ ಕೆಲಸಕ್ಕೆ ಎಂದು ನನ್ನ ಕೈಯಲ್ಲೇ ಅರ್ಜಿ ಹಾಕಿಸಿದ್ದಳು, ಯಾವುದೂ ಬರಲಿಲ್ಲ. ಕೊನೆಯ ಕಂತು ಜಮೆಯಾದ ದಿನ ಪರದೆಯ ಮೇಲೆ ಅವಧಿ ಪೂರ್ಣಗೊಂಡಿದೆ ಎಂದು ಬಂತು. ನಾನು ಅದನ್ನೂ ಗಟ್ಟಿಯಾಗಿ ಓದಿದೆ, ಚಟ. ಆಕೆ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತಳು. "ದುಡ್ಡ ಹೋಗಲಿ ತಂಗಿ. ದಿನಾನೂ ಹೋತಲ್ಲ" ಎಂದಳು.

ಮುಂದಿನ ತಿಂಗಳು ಅದೇ ಹೊತ್ತಿಗೆ ತಲೆ ಬಾಚದೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಾನು ಹುಬ್ಬೇರಿಸಿದೆ. "ಮನ್ಯಾಗ ಹೇಳೇನಿ. ದುಡ್ಡ ನಿಂತರೂ ಘೋಷಣೆ ಕೊಡತನಾ ಇರಬೇಕು, ಬಿಟ್ರ ಕೊಟ್ಟಿದ್ದ ತಿರುಗಿ ಕೇಳತಾರಂತ ಹೇಳೇನಿ" ಎಂದು ನನ್ನ ಮುಖ ನೋಡದೆ ಹೇಳಿದಳು. ಕಂಡಕಿ ಸುತ್ತಿದ ಕೈಯಿಂದ ಹೆಬ್ಬೆಟ್ಟು ಒತ್ತಲಾರೆ ಅಂದವಳು ಇವಳೇ. ಸರ್ಕಾರಕ್ಕೆ ಸುಳ್ಳು ಹೇಳಲಾರದವಳು ಅತ್ತೆಗೆ ಹೇಳಿ ಬಂದಿದ್ದಳು. ಆದರೂ ಘೋಷಣೆಯನ್ನು ಓದು ಎಂದು ಪಟ್ಟುಹಿಡಿದಳು. ಓದಿದೆ. ಕೇಳಿಸಿಕೊಂಡು, ಬಾದಾಮಿಯ ಬಸ್ ಹತ್ತಿದಳು.

ಮಾತು ಮುಚ್ಚಿಡುವುದು ಎಷ್ಟು ದಿನ? ಒಂದು ಸಂಜೆ ಅತ್ತೆ ಮಗನನ್ನು ಜೊತೆಗೆ ಕರೆದುಕೊಂಡು ಅಂಗಡಿಗೇ ಬಂದಳು. ಮಗ ಗಾಡಿಯ ಮೇಲಿಂದ ಇಳಿಯದೆ ಹೊರಗೆ ನಿಂತಿದ್ದ. "ಏನವಾ, ಖರೆ ಹೇಳು. ರೊಕ್ಕ ನಿಂತರೂ ಆಕಿ ಘೋಷಣೆ ಕೊಡಾಕಬೇಕೇನ?" ಎಂದು ಅವನಿಗೂ ಕೇಳುವ ಹಾಗೆ ಕೇಳಿದಳು.

"ಕೊಡಾಕಬೇಕು ಆಯಿ. ನಿಯಮ ಐತಿ" ಎಂದೆ. ಹಸಿ ಸುಳ್ಳು. ಹೇಳಿ ನನಗೆ ಖುಷಿಯೇ ಆಯಿತು. ಮುದುಕಿ ಮಗನ ಕಡೆ ತಿರುಗಿ, "ಕೇಳಿದಿಯಲ್ಲ?" ಎಂದಳು. ಅವನು ಗಾಡಿ ಚಾಲೂ ಮಾಡಿದ.

ಹೀಗೆ ಕೆಲವು ತಿಂಗಳು ನಡೆಯಿತು. ಮಳೆಗಾಲದಲ್ಲಿ ಆಕೆಗೆ ಜ್ವರ ಬಂತು. ಇಲ್ಲಿ ತೋರಿಸಿದರು, ಬಾಗಲಕೋಟೆಗೆ ಒಯ್ದರು, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು. ತಿರುಗಿ ಬಂದದ್ದು ಆಕೆ ಅಲ್ಲ. ಮಣ್ಣಿಗೆ ಹೋದಾಗ ನಾನು ಆ ಕೈಗಳನ್ನು ನೋಡಿದೆ. ಎದೆಯ ಮೇಲೆ ಜೋಡಿಸಿದ್ದರು, ಅಲುಗಾಡುತ್ತಿರಲಿಲ್ಲ. ಕೊನೆಗೂ ಕಲಿತಳು ಅನ್ನಿಸಿ, ಅದನ್ನು ಯಾರ ಮುಂದೆ ಹೇಳುವುದೋ ತಿಳಿಯದೆ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅದಾದ ಮೇಲೆ ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯಲು ಬಂದರೆ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಒಂದು ಗಳಿಗೆ ಆಕೆಯೇ ಅನ್ನಿಸಿತು. ಹತ್ತಿರ ಹೋದರೆ ಆಕೆಯ ಅತ್ತೆ. ಹಣೆಯ ಮೇಲೆ ವಿಭೂತಿ ಇತ್ತು, ಬಿಳಿಯ ಕೂದಲನ್ನು ಬಾಚಿರಲಿಲ್ಲ.

"ಏನಾತು ಆಯಿ? ಪಿಂಚಣಿ ಬಂದಿಲ್ಲೇನ?"

"ಪಿಂಚಣಿ ಬರತೈತಿ. ಘೋಷಣೆ ಕೊಡಾಕ ಬಂದೇನಿ."

"ಆಕಿದು ಇನ್ನ ಕೊಡೂದಿರಂಗಿಲ್ಲ ಆಯಿ" ಎಂದೆ.

"ಆಕಿದಲ್ಲ. ನಂದು." ಬೆಂಚಿನ ಮೇಲೆ, ಆಕೆ ಕೂಡುತ್ತಿದ್ದ ಕಡೆಗೇ ಬಂದು ಕೂತಳು. "ಆ ಸಾಹೇಬ ಅಂದ್ನಲ್ಲ, ಪಗಾರ ಇಲ್ಲಂದ್ರ ಕೆಲಸ ಅಲ್ಲಂತ. ನಾ ಲಗ್ನಾಗಿ ಬಂದಾಗಿಂದ ನನಗ ಯಾರೂ ಪಗಾರ ಕೊಟ್ಟಿಲ್ಲ. ಅಂದ ಮ್ಯಾಲ ನಾನೂ ಕೆಲಸಿಲ್ಲದಾಕೀನ. ಆಕಿಗೆ ಓದತಿದ್ದಿಯಲ್ಲ, ಅದನ್ನ ಓದು. ಗಟ್ಟಿಯಾಗಿ ಓದು."

"ಆಯಿ, ಅದು…" ಎಂದು ನಾನು ತಡವರಿಸಿದೆ.

"ರೊಕ್ಕ ನಿಂತ ಮ್ಯಾಲ ಘೋಷಣೆ ಎಲ್ಲಿದು? ನನಗ ತಿಳಿಯಂಗಿಲ್ಲ ಅನಕೊಂಡಿದ್ರೇನ ಇಬ್ಬರೂ? ಮನ್ಯಾಗ ಒಬ್ಬಾಕ್ಯರ ಕುಂದರಲಿ ಅಂತ ಬಿಟ್ಟಿದ್ದೆ. ಮಗನ ಮುಂದ ಹೇಳಾಕ ಒಂದ ಮಾತ ಬೇಕಿತ್ತು, ನಿನ್ನ ಬಾಯಿಂದ ಹೇಳಿಸಿದೆ. ಓದು."

ನಾನು ಕಂಪ್ಯೂಟರ್ ಹಚ್ಚಲಿಲ್ಲ. ಬಾಯಿಗೆ ಬರುತ್ತಿತ್ತು, ಹಾಗೇ ಓದಿದೆ. ನಿರುದ್ಯೋಗಿ ಎಂದು, ಯಾವ ಕೆಲಸವನ್ನೂ ಮಾಡುತ್ತಿಲ್ಲ ಎಂದು, ಸುಳ್ಳಾದರೆ ಕ್ರಮಕ್ಕೆ ಬದ್ಧ ಎಂದು. ಮುದುಕಿ ಒಂದೊಂದು ಮಾತಿಗೂ ತಲೆಯಾಡಿಸಿದಳು. ಹೆಬ್ಬೆರಳನ್ನು ಮಷೀನಿನ ಮೇಲಿಟ್ಟು ಒತ್ತಿದಳು. ಅದರ ಗೆರೆಗಳೂ ಸವೆದು ನುಣ್ಣಗಾಗಿದ್ದವು.

"ತೊಗೊಂತೇನ?"

"ತೊಗೊಂತು ಆಯಿ."

"ನಾ ಇವತ್ತ ಏನೂ ಮುಟ್ಟಿಲ್ಲ. ಬಾಗಲಕ್ಕ ನೀರೂ ಮಗನ ಹಾಕ್ಯಾನ. ಈಗ ಎಲ್ಲಿ ಹೋಗೂದು?"

ನಾನು ಬಾಗಿಲು ಎಳೆದು ಕೀಲಿ ಹಾಕಿದೆ. ಓಣಿಯಲ್ಲಿ ಎದುರಾದ ಭತ್ಯೆಯ ಹುಡುಗರಿಗೆ ನಾಳೆ ಬರ್ರಿ ಎಂದೆ.

ಬಾದಾಮಿಯ ಕೆರೆಯಲ್ಲಿ ಅವತ್ತು ನೀರು ಮೇಲಿನ ಮೆಟ್ಟಿಲುಗಳ ತನಕ ಬಂದಿತ್ತು. ಆಕೆ ಕೂಡುತ್ತಿದ್ದ ಜಾಗವನ್ನು ತೋರಿಸಿದೆ. ಆಯಿ ಅಲ್ಲಿ ಕೂತು ಎದುರಿನ ಕೆಂಪು ಬಂಡೆಯನ್ನು, ನೀರೊಳಗಿನ ಬಂಡೆಯನ್ನು ನೋಡಿದಳು. ಅರಿವೆ ಒಗೆಯುವ ಸದ್ದು ಹೋಗಿ ತಿರುಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಎರಡೂ ಅಂಗೈ ತೊಡೆಯ ಮೇಲೆ ಮೆಲ್ಲಗೆ ರೊಟ್ಟಿ ಬಡಿಯತೊಡಗಿದವು.

"ಆಯಿ, ಕೈ" ಎಂದೆ. "ಆಕಿ ಹಿಂಗ ಮಾಡತಿದ್ದಳು" ಎಂದು ತೋರಿಸಿದೆ. ಮುದುಕಿ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಳು. ಬಿಸಿಲು ಬಂಡೆಯ ಮೇಲೆ ಏರುತ್ತ ಹೋಯಿತು. ಒಗೆಯುವವರು ಒಬ್ಬೊಬ್ಬರೇ ಬುಟ್ಟಿ ಹೊತ್ತು ಮನೆಗೆ ಹೋದರು. ಮುದುಕಿಯ ಕೆನ್ನೆಗಳು ಒದ್ದೆಯಾಗಿದ್ದವು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

ನನಗೆ ಬಸ್ಸಿನ ಚಿಂತೆ ಹತ್ತಿತು. "ನಡೀರಿ ಆಯಿ. ಈ ಬಸ್ ತಪ್ಪಿದ್ರ ತ್ರಾಸ ಆಗತೈತಿ" ಎಂದು ಎದ್ದೆ.

ಆಯಿ ಏಳಲಿಲ್ಲ. ಬಂಡೆಯ ತುದಿಯಲ್ಲಿ ಇನ್ನೂ ಉಳಿದಿದ್ದ ಒಂದು ತುಂಡು ಬಿಸಿಲನ್ನು ಗದ್ದದಿಂದ ತೋರಿಸಿದಳು.

"ಕುಂದರ. ಹೊತ್ತ ಇನ್ನೂ ಮುಳಗಿಲ್ಲ. ಈಗ ಎದ್ರ ಆಕಿ ಮಾತ ಸುಳ್ಳಾಗತೈತಿ."

ನಾನೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.